ಲಂಡನ್ನಿನ ಗೋಡೆಗೆ ಹಸಿದು ತೂಗಿದ ಕೌದಿ

ಗೋರಿಯ ಮೇಲಿನ ಕಲ್ಲೆತ್ತಿ ಈ ಕಾಗದ ಬಿಚ್ಚಿದವರು ಯಾರೇ ಇರಲಿ, ಮೊದಲು ನಿಮಗೇ ನಾಲ್ಕು ಮಾತು. ಮಂದಿಯ ಕಾಗದ ಓದಲು ನಾಚಿಕೆಯಾಗುವುದಿಲ್ಲವೇ? ಇದು ಖತೀಜಾಳಿಗೆ ಬರೆದದ್ದು. ಸತ್ತವರು ಓದುವುದಿಲ್ಲ ಎಂದು ನಿಮಗೆ ಯಾರು ಬಂದು ಹೇಳಿದರು? ಮಡಚಿ ಇದ್ದಲ್ಲೇ ಇಟ್ಟು, ಮೇಲೆ ಕಲ್ಲು ಹೇರಿ ನಡೆಯಿರಿ.

ಬಾಜು ಮನೆಯ ನನ್ನ ಗೆಳತಿ ಖತೀಜಾ,

ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ನಾನು ಮೂರನೇ ಇಯತ್ತೆಯಾದರೂ ಕಂಡವಳು, ನೀನು ಸಾಲೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಲಂಡನ್ನಿಗೆ ಹೋಗಿ ಬಂದೆ ನೋಡೇ. ಹೌದು, ನಾನೇ, ನಿನ್ನ ಗಂಗಿ, ಶಲವಡಿಯಿಂದ ಅಣ್ಣಿಗೇರಿ ಸಂತೆಗೂ ನಿನ್ನ ಸೆರಗು ಹಿಡಿದು ಹೋಗುತ್ತಿದ್ದವಳು. ಬಂದು ಇಷ್ಟು ದಿನವಾದರೂ ಸಿಟ್ಟು ಇಳಿದಿಲ್ಲ. ನೀನಿದ್ದಿದ್ದರೆ ಅರ್ಧ ನಿನ್ನ ಮೇಲೆ ಸುರಿಯುತ್ತಿದ್ದೆ. ಈಗ ಯಾರ ಮೇಲೆ ಸುರಿಯಲಿ?

ನೆನಪಿದೆಯೇ, ನಿನ್ನ ಕೊನೆಯ ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲಿ ಆ ಕೌದಿಗೆ ಕೈ ಹಚ್ಚಿದ್ದು? ನಡುವೆ ನಿನ್ನ ಗುಲಾಬಿ ಸೀರೆ, ಸುತ್ತಲೂ ನನ್ನ ಹಳೆಯ ಇಳಕಲ್ ಸೀರೆಯ ಚೂರು. ನಿನ್ನ ಮಗಳು ಮುಮ್ತಾಜ್ ಕಾದು ಕಾದು ಆಗ ತಾನೇ ಬಸುರಾಗಿದ್ದಳು. "ಗಂಗಿ, ನಾ ಇರ್ಲಿ ಬಿಡ್ಲಿ, ಕೂಸು ನನ್ನ ಸೀರಿ ಮ್ಯಾಲೇ ಮಲಗಬೇಕ ನೋಡ" ಎಂದಿದ್ದೆ ನೀನು. "ಸಾಯೂ ಮಾತು ಬಿಟ್ಟು ಸೂಜಿ ಪೋಣಸ ಬೇ" ಎಂದು ನಾನು ಬೈದಿದ್ದೆ. ಎಂದಾದರೂ ನನ್ನ ಮಾತು ಕೇಳಿದವಳೇ ನೀನು? ಕೂಸಿನ ಮುಖ ನೋಡದೆ, ಕೌದಿಯನ್ನು ಅರ್ಧಕ್ಕೇ ಬಿಟ್ಟು...

ನಿನ್ನ ನಲವತ್ತನೇ ದಿನದ ಫಾತೇಹ ಮುಗಿದ ಮೇಲೆ, ಕೈಕಸುಬಿನವರನ್ನು ಹುಡುಕುತ್ತ ಬೆಂಗಳೂರಿನ ಸರ್ಕಾರದ ಸಾಹೇಬನೊಬ್ಬ ನಮ್ಮ ಮನೆಗೆ ಬಂದ. ಮೀಸೆ ಈಗ ತಾನೇ ಚಿಗುರಿದ ಹುಡುಗ. "ಅಜ್ಜಿ, ಲಂಡನ್ನಲ್ಲಿ ಪ್ರದರ್ಶನ ಇದೆ. ನೀವು ಅಲ್ಲಿ ಕೂತು ಕೌದಿ ಹೊಲಿದು ತೋರಿಸಬೇಕು" ಎಂದ. ಮುಮ್ತಾಜಳ ಹೆರಿಗೆಗೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ತಿರುಗಿ ಬಂದು ಕೂಸಿಗೆ ಹೊದಿಸುತ್ತೇನೆಂದು ಅವಳಿಗೆ ಮಾತು ಕೊಟ್ಟು, ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ.

ಆ ಊರಿನಲ್ಲಿ ಮೊದಲ ಮುಂಜಾನೆ ಬೀದಿಗೆ ಬಂದವಳಿಗೆ ಮೈಯೆಲ್ಲ ಉರಿಯಿತು. ಮನೆಗಳು ಒಂದರ ಹೆಗಲಿಗೊಂದು ಆತು ನಿಂತಿವೆ, ಒಂದು ಮನೆಗಾದರೂ ಕಟ್ಟೆಯಿಲ್ಲ! ಬಾಗಿಲ ಮುಂದೆ ಕೂರಲು ಜಾಗ ಬಿಡದವನು ಅದೆಂಥ ಗೌಂಡಿ? ಒಳಗಿನ ಹೆಂಗಸು ಹೊರಗಿನ ಹೆಂಗಸನ್ನು ಎಲ್ಲಿ ಕೂರಿಸಿಕೊಂಡು ಮಾತಾಡಬೇಕು? ಗೋಡೆ ಬೂದಿ ಬಣ್ಣ, ಮುಗಿಲು ಬೂದಿ ಬಣ್ಣ, ಮಂದಿಯ ಕೋಟೂ ಅದೇ. ಇಡೀ ಊರು ಒಂದೇ ಥಾನಿನ ಬಟ್ಟೆಯಲ್ಲಿ ಕತ್ತರಿಸಿದಂತೆ. ಎಲ್ಲಾದರೂ ಒಂದು ತುಂಡು ಕೆಂಪು ಹಚ್ಚಬೇಕೆಂದು ಬೆರಳು ಕಡಿಯುತ್ತಿತ್ತು. ಅಷ್ಟರಲ್ಲಿ ಬಸ್ಸಿನ ತಲೆಯ ಮೇಲೆ ಬಸ್ಸು ಹೇರಿದಂಥ ಒಂದು ಕೆಂಪು ಬಸ್ಸು ಬಂತು. ಅದೊಂದೇ ನನ್ನ ಮನಸ್ಸಿಗೆ ಬಂದದ್ದು. ಅದೂ ನಿಲ್ಲದೆ ಹೋಯಿತು.

ಎದುರು ಬಂದ ಮುದುಕಪ್ಪನಿಗೆ "ನಾಷ್ಟಾ ಆತೇನ್ರಿ?" ಎಂದೆ. ಭಾಷೆ ತಿಳಿಯದಿದ್ದರೆ ಬಿಡು, ಮುಖ ತಿಳಿಯುವುದಿಲ್ಲವೇ? ಟೊಪ್ಪಿಗೆ ಮುಟ್ಟಿ ಬಿರಬಿರನೆ ನಡೆದ. ಆಚೆ ಹೋಗಿ ಚೀಲದಿಂದ ರೊಟ್ಟಿ ತೆಗೆದು ಪಾರಿವಾಳಗಳಿಗೆ ಹಾಕುತ್ತ ಕೂತ. ಹಕ್ಕಿಗಳ ಕೂಡ ಮಾತಾಡಿದ, ನನ್ನ ಕೂಡ ಇಲ್ಲ! ಇಂಥವರು ನಮ್ಮನ್ನು ಆಳಿ ಹೋದರು ನೋಡು. ಸೂರ್ಯನಿಗೂ ಆ ಊರಿನಲ್ಲಿ ಹೇಳುವವರು ಕೇಳುವವರಿಲ್ಲ. ರಾತ್ರಿಯ ಊಟ ಮುಗಿದರೂ ಹೊತ್ತು ಮುಳುಗುವುದಿಲ್ಲ. ದೀಪ ಯಾವಾಗ ಹಚ್ಚಬೇಕು?

ಒಂದು ದಿನ ಸಾಹೇಬ ನೆಲದೊಳಗಿನ ರೈಲು ತೋರಿಸಲು ಕರೆದೊಯ್ದ. ಅಲ್ಲಿ ಮೆಟ್ಟಿಲುಗಳು ತಾವೇ ನಡೆಯುತ್ತವೆ. ಮೆಟ್ಟಿಲು ನಡೆಯುವಾಗ ನಾನೇಕೆ ನಿಲ್ಲಲಿ ಎಂದು ಗುಡಿಯ ಪಾವಟಿಗೆಯ ಮೇಲೆ ಕೂತಂತೆ ಆರಾಮಾಗಿ ಕೂತೆ. ಸಾಹೇಬ ಹೌಹಾರಿದ. "ಅಜ್ಜಿ, ಏಳಿ ಏಳಿ, ಸೆರಗು ಸಿಕ್ಕೊಳುತ್ತೆ!" ಹಿಂದೆ ಮಂದಿ ಸಾಲುಗಟ್ಟಿ ನಿಂತಿದ್ದರು. ಒಬ್ಬರಾದರೂ ಗದರಬಾರದೇ? ಬಾಯಿ ಹೊಲಿದುಕೊಂಡು ನೋಡುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಮರ್ಯಾದೆ ಇರುತ್ತಿತ್ತು.

ಇದೆಲ್ಲ ನುಂಗಿಕೊಂಡೆ. ನುಂಗಲಾರದ್ದು ಪ್ರದರ್ಶನದ ಮನೆಯಲ್ಲಿ ನಡೆಯಿತು. ಹೊಲಿದು ತೋರಿಸಲು ನನ್ನ ಕೈಗೆ ಬೇರೆ ಚಿಂದಿ ಕೊಟ್ಟು, ನಮ್ಮ ಕೌದಿಯನ್ನು ಎತ್ತರದ ಗೋಡೆಗೆ ತೂಗಿಹಾಕಿ, ಮುಂದೆ ಹಗ್ಗ ಕಟ್ಟಿ, ಕಾವಲಿಗೆ ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು. ಕೈ ಚಾಚಿದರೆ ಸಾಕು, "ನೋ, ನೋ!" ನನ್ನ ಕೌದಿ ನಾನೇ ಮುಟ್ಟಬಾರದಂತೆ! ನೀನು ಬಿಟ್ಟು ಹೋದ ಅರ್ಧವನ್ನು ನಾನೇ ಹೊಲಿದಿದ್ದರೂ ಅದರ ಒಂದು ಮೂಲೆ ಇನ್ನೂ ತೆರೆದೇ ಇತ್ತು. ಸಿಹಿಯ ತುಣುಕೊಂದನ್ನು ಒಳಗಿಟ್ಟು ಕೌದಿಯ ಹೊಟ್ಟೆ ತುಂಬಿಸದೆ ಬಾಯಿ ಹೊಲಿಯಬಾರದು, ಹಸಿದ ಕೌದಿ ಹೊದ್ದವರನ್ನೂ ಉಪವಾಸ ಇಡುತ್ತದೆ, ನಿನಗೆ ಗೊತ್ತಲ್ಲ. ಅದನ್ನು ಹೇಳಿದರೆ ಸಾಹೇಬ ನಕ್ಕ.

"ಅಜ್ಜಿ, ಬಟ್ಟೆ ಒಳಗೆ ತಿಂಡಿ ಇಟ್ರೆ ಇಲಿ ಬರುತ್ತೆ."

"ಇಲಿಗೂ ಹೊಟ್ಟಿ ಐತ್ರಿ."

"ಇರಲಿ ಬಿಡಿ. ಇವರಿಗೆ ಇದು ತುಂಬಾ ಹಿಡಿಸಿದೆ. ಇಲ್ಲೇ ಕಾಯಂ ಇಟ್ಕೊಳ್ಳಿ ಅಂತ ಹೇಳಿದೀನಿ. ನಮ್ಮ ನಾಡಿಗೇ ಹೆಮ್ಮೆ."

"ಯಾರನ್ನ ಕೇಳಿ ಹೇಳಿದ್ರಿ? ಅದು ಬಾಣಂತಿ ಮನೀಗೆ ಹೋಗೂ ಕೌದಿ. ಗ್ವಾಡಿಗೇನು ಥಂಡಿ ಹತ್ತೈತ್ರಿ?"

ಅವನು ಗಡಿಯಾರ ನೋಡಿಕೊಂಡು ಆಚೆ ಹೋದ. ನಿನ್ನ ಸೀರೆ ಆ ಗೋಡೆಯ ಮೇಲೆ. ನನ್ನ ಎದೆಯಲ್ಲಿ ಏನಾಗಿರಬೇಕು, ಹೇಳು?

ಒಂದು ಮಧ್ಯಾಹ್ನ ಯಾರೂ ಇರಲಿಲ್ಲ. ನಾನು ಕಂಬದ ಮರೆಯಲ್ಲಿ ಕೂತಿದ್ದೆ. ಆ ಕಾವಲಿನವಳು ಅತ್ತಿತ್ತ ನೋಡಿ, ಹಗ್ಗ ದಾಟಿ, ಕೌದಿಯ ಅಂಚಿಗೆ ಕೆನ್ನೆ ಹಚ್ಚಿ ನಿಂತಳು. ನಾನು ಮೆಲ್ಲಗೆ "ನೋ, ನೋ" ಎಂದೆ. ಬೆಚ್ಚಿ ತಿರುಗಿದಳು, ನನ್ನನ್ನು ಕಂಡು ಕೆಂಪಗಾದಳು.

ಕೊನೆಯ ದಿನ ಸಾಮಾನು ಕಟ್ಟುವಾಗ ಕೌದಿಯನ್ನು ಕೆಳಗಿಳಿಸಿ ಮೇಜಿನ ಮೇಲೆ ಹಾಕಿದ್ದರು. ಹೊರಗೆ ಜಿಟಿಜಿಟಿ ಮಳೆ. ನಾನು ಕೌದಿ ತೆಗೆದು ತಲೆಯಿಂದ ಮೊಣಕಾಲಿನವರೆಗೆ ಹೊದ್ದು ಬಾಗಿಲಿಗೆ ನಡೆದೆ. ಥಂಡಿಯಲ್ಲಿ ಮುದುಕಿಯ ಹೊದಿಕೆ ಕಿತ್ತುಕೊಳ್ಳುವಷ್ಟು ಧೈರ್ಯ ಯಾರಿಗಿದೆ, ನೋಡೇಬಿಡೋಣ ಎಂದು. ಬಾಗಿಲಲ್ಲಿ ಅವಳೇ ಇದ್ದಳು. ನನ್ನನ್ನು ನೋಡಿದಳು, ಕೌದಿಯನ್ನು ನೋಡಿದಳು, ಬಾಗಿಲು ತೆರೆದು ಹಿಡಿದಳು. ಅಷ್ಟಕ್ಕೇ ಆ ಊರನ್ನು ಮಾಫು ಮಾಡುವವಳಲ್ಲ ನಾನು. ಅವಳೊಬ್ಬಳನ್ನು ಮಾಡಿದ್ದೇನೆ.

ವಿಮಾನದಲ್ಲಿ ಸಾಹೇಬನ ಕಣ್ಣಿಗೆ ಬಿತ್ತು. "ಅಯ್ಯೋ ಅಜ್ಜಿ! ಇದನ್ಯಾಕೆ ತಂದ್ರಿ? ನನ್ನ ಕೆಲಸ ಹೋಗುತ್ತೆ!"

"ಹಸದದ್ದನ್ನ ಮಂದಿ ಮನ್ಯಾಗ ಬಿಟ್ಟು ಬರತಾರೇನ್ರಿ? ಕೆಲಸ ಹೋದ್ರ ಶಲವಡಿಗೆ ಬರ್ರಿ, ಸೂಜಿ ಹಿಡಿಯೂದು ಕಲಿಸ್ತೀನಿ."

ಈಗ ನಿನಗೆ ಮುಟ್ಟದ ಸುದ್ದಿ ಕೇಳು. ಮುಮ್ತಾಜ್ ಹಡೆದಳು, ಹೆಣ್ಣು. ಮೂಗು ನಿನ್ನದೇ, ಪಾಪ. ನನ್ನ ಹೋಳಿಗೆಯ ಒಂದು ಚೂರು, ನಿನ್ನ ಮನೆಯ ಮೊಹರಮ್ಮಿನ ಸಿಹಿ ಚೊಂಗೆಯ ಒಂದು ಚೂರು, ಎರಡನ್ನೂ ಒಳಗಿಟ್ಟು ಕೌದಿಯ ಬಾಯಿ ಹೊಲಿದೆ. ಯಾರೂ ಮುಟ್ಟಬಾರದೆಂದು ಹಗ್ಗ ಕಟ್ಟಿದ್ದರಲ್ಲ, ಆ ಕೌದಿಯ ಮೇಲೆ ನಿನ್ನ ಮೊಮ್ಮಗಳು ಮಲಗಿಸಿದ ತಕ್ಷಣ ಉಚ್ಚೆ ಹೊಯ್ದಳು. ನಿನ್ನ ಗುಲಾಬಿ ಸೀರೆಯ ನಟ್ಟನಡುವೆ! ನಾನು, ಮುಮ್ತಾಜ್ ಇಬ್ಬರೂ ಅಳುವಷ್ಟು ನಕ್ಕೆವು. ಆಮೇಲೆ ಬರೀ ಅತ್ತೆವು.

ಒಂದು ಜಗಳ ಉಳಿದಿದೆ. ಮುಮ್ತಾಜಳಿಗೆ ಕೂಸಿಗೆ ನಿನ್ನ ಹೆಸರೇ ಇಡುವ ಆಸೆ. ಅವಳ ಅತ್ತೆ, "ಹಿರ್ಯಾರ ಹೆಸರಿಟ್ರ ಕೂಸಿಗೆ ಬೈಯಾಕ ಬರೂದಿಲ್ಲವ್ವಾ" ಎನ್ನುತ್ತಾಳೆ. ನನ್ನನ್ನು ಕೇಳಿದರೆ, ಆ ಹೆಸರು ಹಿಡಿದು ದಿನಾ ಬಾಯಿ ತುಂಬ ಬೈಯಬೇಕೆಂದೇ ನನ್ನ ಜೀವ ಹಾತೊರೆಯುತ್ತಿದೆ. ನಿನ್ನ ಒಪ್ಪಿಗೆಯಿಲ್ಲದೆ ಬೈಯಲಾರೆ. ಬರುವ ತಿಂಗಳ ಚಂದ್ರ ಕಾಣುವುದರೊಳಗೆ ಕನಸಿಗೆ ಬಂದು ಹೂಂ ಅನ್ನು, ಇಲ್ಲ ಊಹೂಂ ಅನ್ನು. ಸುಮ್ಮನಿರಬೇಡ ಖತೀಜಾ, ಸುಮ್ಮನಿದ್ದದ್ದು ಸಾಕು.

ನಿನ್ನ ಗಂಗಿ