ತಲೆಯ ಮೇಲಿಂದ ದಾಟಿದ ಬಟ್ಟಲು

ಟ್ರಾಯನಣ್ಣ,

ನೀನಿರುವುದು ರಸ್ತೆಯಾಚೆಯ ಸಭೆಯಲ್ಲಿ. ಆದರೂ ಈ ಕಾಗದ ರಸ್ತೆ ದಾಟುವುದಿಲ್ಲ. ಆರಾಧನೆಗೆ ಅಕಾರ್ಡಿಯನ್ ಬೇಕೋ ಬೇಡವೋ ಎಂದು ಪಾಂಫಿಲ್ ಹಿರಿಯರ ಜೊತೆ ಜಗಳವಾಡಿ ಹೊರಟೆಯಲ್ಲ, ವಾದ್ಯವನ್ನು ಒಯ್ದೆ, ಸಾವೆತಾಳನ್ನು ಮರೆತೆ. ಬೇಸಿಗೆಯಲ್ಲಿ ಮುರೇಶ್ ನದಿಯಲ್ಲಿ ಅವಳಿಗೆ ದೀಕ್ಷಾಸ್ನಾನ ಕೊಟ್ಟು, ನಮ್ಮ ದಾರಿ ಕಲಿಸುತ್ತೇನೆಂದು ದಡದಲ್ಲಿ ಮಾತು ಕೊಟ್ಟವನು ನೀನು. ಮುಳುಗಿಸಿದವನು ನೀನು, ಮೇಲೆತ್ತುವವರು ಯಾರಿನ್ನು?

ಕಳೆದ ವಾರ ಅವಳ ತಾಯಿ ತೀರಿಕೊಂಡಳು. ಅವರ ಮನೆಯ ಹಳೆಯ ಪಂಗಡದ ಪಾದ್ರಿ ಸತ್ತವರ ಹೆಸರಲ್ಲಿ ಹರಸಿ ಹಂಚುವ ಗೋಧಿಯ ಸಿಹಿಯನ್ನು ಇವಳು ಒಂದು ಚಮಚ ತಿಂದಳು. ನಮ್ಮವರು ಅದನ್ನು ಮುಟ್ಟುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇವತ್ತು ಪಾಂಫಿಲ್ ಅವಳನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರು.

"ಸತ್ತೋರ ಸಿಹಿ ರುಚಿಯಾಗಿತ್ತಾ, ತಂಗೀ?"

"ಅಮ್ಮಂದು ಅಂತ ತಿಂದೆ, ಅಣ್ಣಾ. ತಪ್ಪು ಅಂತ ನಂಗೆ ಯಾರು ಹೇಳಿದ್ರು?"

"ಹೇಳ್ಬೇಕಾದೋನು ಬಾಜಾ ಹೊತ್ಕೊಂಡು ಎದುರುಗಡೆ ಹೋದ್ನಲ್ಲ!" ಎಂದಳು ನಮ್ಮ ಸಾಲಿನ ಅಗ್ರಿಪಿನಾ. ಸಭೆ ನಕ್ಕಿತು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು.

ಕರ್ತನ ಭೋಜನದಿಂದ ಅವಳನ್ನು ಹೊರಗಿಟ್ಟರು. ದ್ರಾಕ್ಷಾರಸದ ಬಟ್ಟಲು ಹೆಂಗಸರ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ನಾನು ಕುಡಿದೆ. ಪಕ್ಕದಲ್ಲಿದ್ದ ಸಾವೆತಾ, ಹೊರಗಿಟ್ಟರೆ ಏನರ್ಥವೆಂದೂ ತಿಳಿಯದೆ, ಎರಡೂ ಕೈ ಚಾಚಿದಳು. ನಾನು ಬಟ್ಟಲನ್ನು ಎತ್ತಿ, ಅವಳ ತಲೆಯ ಮೇಲಿಂದ ಅಗ್ರಿಪಿನಾಳಿಗೆ ದಾಟಿಸಿದೆ.

ನಾನು ಹೊಸಬಳಾಗಿದ್ದಾಗ ನನ್ನ ಪಕ್ಕ ನಿಂತು ಬಟ್ಟಲು ಹಿಡಿಯಲು ಕಲಿಸಿದವನು ನೀನೇ, ಅಣ್ಣ. ಒಂದು ಹನಿಯೂ ಚೆಲ್ಲಲಿಲ್ಲ.