ಸೊಟ್ಟ ಬೆರಳಿನ ಕಡೆ

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಮ್ಯಾಚಿನ ವಾರದಲ್ಲಿ ನಿನಗೆ ಕಾಗದ ಬರೆಯಬಾರದು ಅಂತ ಗೊತ್ತು, ಸಾರಿ. ಕ್ಯಾಂಪ್‌ನಲ್ಲಿ ನಿಮ್ಮ ಫೋನುಗಳನ್ನೆಲ್ಲ ಕಿತ್ತಿಟ್ಟುಕೊಂಡಿದ್ದಾರೆ ಅಂತ ಅಮ್ಮ ಹೇಳಿದಳು. ಫೋನ್ ಇದ್ದಿದ್ದರೂ ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ನಿಮ್ಮ ಟೀಮಿನ ಬಟ್ಟೆ, ಬೂಟು ನೋಡಿಕೊಳ್ಳುವ ಮಾಮ ನಾಳೆ ಈ ಕಡೆ ಬರುತ್ತಾರಂತೆ, ಅವರ ಕೈಲಿ ಕೊಡುತ್ತೇನೆ.

ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲೇ ನನ್ನ ಮನೆ, ಆದರೂ ಇದು ಬೇರೆ ಥರ. ಕಿಟಕಿ ನಾಲ್ಕು ಬೆರಳಿನಷ್ಟು ತೆರೆಯುತ್ತದೆ, ಆಮೇಲೆ ಕಬ್ಬಿಣದ ಪಟ್ಟಿ ತಡೆಯುತ್ತದೆ. ಮೂರು ಮಂಚ, ಒಂದು ಫ್ಯಾನು. ಎಲ್ಲರಿಗೂ ನಾನು 'ಗೋಲ್‌ಕೀಪರ್ ತಂಗಿ'. ನಿನ್ನ ನೀರಿನ ಬಾಟಲಿಗೆ ಅಂಟಿಸುವ ಲಿಸ್ಟ್ ನಾನೇ ಮಾಡುತ್ತಿದ್ದೆ, ಹಳೇ ಮ್ಯಾಚುಗಳ ವಿಡಿಯೋ ನೋಡಿ ಯಾರು ಪೆನಾಲ್ಟಿಯನ್ನು ಯಾವ ಕಡೆ ಹೊಡೆಯುತ್ತಾರೆ ಅಂತ ಬರೆಯುತ್ತಿದ್ದೆ ಅಂತ ಇಂಟರ್‌ವ್ಯೂನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಈ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದೇ ಅದರಿಂದ. ಈಗ ಮೇಷ್ಟ್ರು ಅದನ್ನು ಕ್ಲಾಸಿಗೆಲ್ಲ ವಿವರಿಸು ಅನ್ನುತ್ತಿದ್ದಾರೆ. ತಪ್ಪಿಸಿಕೊಳ್ಳಲು ಜ್ವರ ಅಂದೆ. ವಾರ್ಡನ್ ಥರ್ಮಾಮೀಟರ್ ಹಿಡಿದು ಬಂದರು.

ನಿನ್ನ ಜಾಗಕ್ಕೆ ತಂದ ಹೊಸ ಗೋಲ್‌ಕೀಪರ್‌ನ ಮಣಿಕಟ್ಟು ಮುರಿದು ಶನಿವಾರದ ಆಟ ನಿನ್ನ ಪಾಲಿಗೆ ಬಂತು ಅಂತ ಅಪ್ಪ ಹೇಳಿದಾಗ ಖುಷಿಪಡಬಹುದೋ ಬಾರದೋ ತಿಳಿಯಲಿಲ್ಲ. ಎರಡು ವರ್ಷ ಕ್ಲಬ್ಬಿನವರು ನಿನ್ನನ್ನು ಆಡಿಸಲೂ ಇಲ್ಲ, ಬೇರೆ ಕಡೆಗೆ ಬಿಡಲೂ ಇಲ್ಲ. "ಗೋಲಿನ ಒಳಗಾದ್ರೂ ಎರಡು ಹೆಜ್ಜೆ ಓಡಾಡಬಹುದು, ಬೆಂಚಿನಲ್ಲಿ ಮಂಡಿ ಚಾಚೋಕೂ ಜಾಗ ಇಲ್ಲ ಕಣೇ" ಅಂತ ನೀನೇ ಒಮ್ಮೆ ಅಂದಿದ್ದೆ. ಮೂವತ್ತಮೂರನೇ ವಯಸ್ಸಿಗೆ ಇದು ಕೊನೇ ಚಾನ್ಸ್ ಅಂತ ನೀನು ಹೇಳದಿದ್ದರೂ ನನಗೆ ಗೊತ್ತಾಗುತ್ತದೆ. ಅಪ್ಪ ಈಗ ದಿನಾ ನಿನ್ನ ಹಳೇ ಜರ್ಸಿ ಹಾಕಿಕೊಂಡೇ ಗಡ್ಡ ಹೆರೆದುಕೊಳ್ಳುತ್ತಾರಂತೆ. ಇವರನ್ನೇ ಗೋಲಿಗೆ ನಿಲ್ಲಿಸಿದರೆ ಬಾಲು ಹೊಟ್ಟೆಗೇ ತಾಗಿ ಅರ್ಧ ಗೋಲು ತಪ್ಪುತ್ತವೆ ಅಂತಾಳೆ ಅಮ್ಮ.

ಹಳೇ ಥರ ಲಿಸ್ಟ್ ಮಾಡಿ ಕಳಿಸು ಅಂತ ಕ್ಯಾಂಪಿಗೆ ಹೋಗುವ ಮುಂಚೆ ಹೇಳಿದೆಯಲ್ಲ, ಮಾಡಿದ್ದೇನೆ. ಇದರ ಜೊತೆಗೇ ಇದೆ. ಈ ಸಲ ಎಡ, ಬಲ ಅಂತ ಎಲ್ಲೂ ಬರೆದಿಲ್ಲ. ನಿನ್ನ ಎಡಗೈ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದೆಯಲ್ಲ, ಆ ಕಡೆ ಬರುವ ಬಾಲಿಗೆ 'ಸೊಟ್ಟ' ಅಂತ, ಇನ್ನೊಂದು ಕಡೆಗೆ 'ನೆಟ್ಟಗೆ' ಅಂತ ಬರೆದಿದ್ದೇನೆ. ಗ್ಲವ್ಸ್ ಹಾಕಿದ್ದರೂ ಆ ಬೆರಳು ನಿನಗೆ ಗೊತ್ತಾಗುತ್ತದೆ. ನಗಬೇಡ.

ಮೈ ಕೈ ಜೋಪಾನ. ಚಿಕ್ಕವಳು ಹರಸಬಾರದೇನೋ, ಆದರೂ ನಿನಗೆ ಒಳ್ಳೆಯದಾಗಲಿ.

ನಿನ್ನ
ತಂಗಿ ಪೆನ್ಸಿಲ್

ಬರೆಯಲು ಹೆದರಿ ಕೊನೆಗೆ ಉಳಿಸಿಕೊಂಡಿದ್ದು: ಎರಡು ವರ್ಷದ ಹಿಂದಿನ ಸೆಮಿಫೈನಲ್‌ನಲ್ಲಿ ನಾಲ್ಕು ಪೆನಾಲ್ಟಿಗೆ ನಾಲ್ಕೂ ಸಲ ನೀನು ಉಲ್ಟಾ ಹಾರಿದೆ. ಪ್ರತಿ ಸಲ ಮೊದಲು ಬಾಟಲಿ ನೋಡಿಕೊಂಡೆ. ವಿಡಿಯೋದಲ್ಲಿ ಕ್ಯಾಮೆರಾ ಪೆನಾಲ್ಟಿ ಹೊಡೆಯುವವನ ಬೆನ್ನ ಹಿಂದೆ ಇರುತ್ತದೆ. ಪರದೆಯ ಎಡ ಅಂದರೆ ನಿನ್ನ ಬಲ. ಯಾವಾಗಲೂ ತಿರುಗಿಸಿ ಬರೆಯುತ್ತಿದ್ದೆ, ಆ ಸಲ ಪರೀಕ್ಷೆಯ ಗಡಿಬಿಡಿಯಲ್ಲಿ ಕಂಡ ಹಾಗೇ ಬರೆದುಬಿಟ್ಟೆ. ಮಾರನೇ ದಿನವೇ ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ನಾನು ರಜೆಗೆ ಮನೆಗೆ ಬಂದಾಗ ಅಪ್ಪ ಊಟದ ಹೊತ್ತಲ್ಲಿ ಏನಾಗಿತ್ತೋ ನಿನಗೆ ಅಂತ ನಿನ್ನನ್ನು ಕೇಳಿದರು. "ಲಿಸ್ಟ್ ಸರಿಯಾಗೇ ಇತ್ತಪ್ಪ, ನನ್ನ ಕಾಲೇ ಕೈಕೊಟ್ಟಿದ್ದು" ಅಂದೆ. ಹಾಗನ್ನುವಾಗ ನೀನು ನನ್ನ ಕಡೆ ನೋಡಲಿಲ್ಲ. ನಿನಗೆ ಗೊತ್ತಿತ್ತಾ ಅಣ್ಣ? ಗೊತ್ತಿದ್ದೂ ಮತ್ತೆ ನನ್ನನ್ನೇ ಕೇಳಿದೆಯಾ? ಈ ಲಿಸ್ಟನ್ನು ಬಾಟಲಿಗೆ ಅಂಟಿಸುತ್ತೀಯೋ ಇಲ್ಲವೋ, ಶನಿವಾರದೊಳಗೆ ಕ್ಯಾಂಪ್ ಆಫೀಸಿನ ಫೋನಿನಿಂದಾದರೂ ಬೇಗ ತಿಳಿಸು.