ವಿನೋದನಿಗೆ ಹೇಳದೆ ತಿದ್ದಿದ್ದು

ದಾಸನಕೊಪ್ಪ
೧೩-೬-೨೦೨೫, ಶುಕ್ರವಾರ

ಪ್ರೀತಿಯ ಸದಾಶಿವ ಅವರಿಗೆ (ಹೆಸರು ಹಿಡಿದು ಬರೆದೆ, ಅವ್ವನಿಗೆ ಹೇಳಬೇಡಿ),

ಆರೋಗ್ಯ ಹೇಗಿದೆ? ಗಡಿಯ ಆ ಎತ್ತರದಲ್ಲಿ ಮೂಗಿನಿಂದ ರಕ್ತ ಬರುವುದು ನಿಂತಿತೇ? ನಿಮ್ಮ ಠಾಣೆಗೆ ಫೋನ್ ಹತ್ತುವುದಿಲ್ಲವೆಂದು ಗೊತ್ತಿದ್ದೂ ನಿನ್ನೆ ಸುಮ್ಮಸುಮ್ಮನೆ ನಂಬರ್ ಒತ್ತುತ್ತಿದ್ದೆ. ಅವ್ವ ಆರಾಮಿದ್ದಾರೆ. ನೀವು ಕಳಿಸಿದ ಶಾಲು ಪೆಟ್ಟಿಗೆಯಲ್ಲೇ ಇದೆ, ಹೊದ್ದರೆ ಹಳೆಯದಾಗುತ್ತದಂತೆ.

ನನಗೆ ಮಾತ್ರ ಹೆದರಿಕೆಯಾಗಿದೆ. ಒಬ್ಬಳೇ ಕೂತು ಪ್ರೋಗ್ರಾಂ ಬರೆಯುತ್ತಿದ್ದಾಗ ತಪ್ಪಾದರೆ ನನ್ನದು, ತಿದ್ದಿದರೆ ಮುಗಿಯಿತು. ಹುಬ್ಬಳ್ಳಿಯ ಮಕ್ಕಳ ಆಸ್ಪತ್ರೆಯ ಕೆಲಸ ಹಿಡಿದ ಮೇಲೆ ನಾನು ಬರೆಯುವುದಿಲ್ಲ, ಬರೆಸುತ್ತೇನೆ. ಸಿದ್ದಾಪುರದ ಸ್ಫೂರ್ತಿ, ಯಲ್ಲಾಪುರದ ಉಲ್ಲಾಸ, ಮನೆಯಲ್ಲಿ ನಿಮ್ಮ ತಮ್ಮ ವಿನೋದ, ಮೂವರಿಗೂ ಗುತ್ತಿಗೆ ಹಂಚಿದ್ದೇನೆ. ಆಸ್ಪತ್ರೆಯವರಿಗೆ ಉತ್ತರ ಕೊಡಬೇಕಾದವಳು ನಾನು.

ಮಗುವಿನ ತೂಕ ಹಾಕಿದರೆ ಔಷಧದ ಪ್ರಮಾಣ ತೋರಿಸುವ ಭಾಗ ವಿನೋದನದು. ಅದರಲ್ಲಿ ಲೆಕ್ಕ ತಪ್ಪಿತ್ತು. ಒಂದೇ ಮನೆಯಲ್ಲಿ ಉಣ್ಣುವ ಮೈದುನನಿಗೆ ಹೇಗೆ ಹೇಳಲಿ? ದಾಕ್ಷಿಣ್ಯಕ್ಕೆ ಬಿದ್ದು ನಾನೇ ತಿದ್ದಿಟ್ಟೆ. ಊಟಕ್ಕೆ ಕೂತಾಗ ಅವನು, "ನನ್ನ ಕೆಲಸ ಒಂದೇ ಸಲಕ್ಕ ಪಾಸಾತು" ಎಂದ. ಅವ್ವ ಇನ್ನೊಂದು ರೊಟ್ಟಿ ಹಾಕಿದರು, ನಾನೂ ನಕ್ಕೆ. ಆಮೇಲೆ ಅವನು ತನ್ನಲ್ಲಿದ್ದ ಹಳೆಯ ಪ್ರತಿಗೇ ಹೊಸ ಕೆಲಸ ಸೇರಿಸಿ ಕಳಿಸಿದ. ನಾನು ತಿದ್ದಿದ್ದು ಅಳಿಸಿಹೋಯಿತು. ನೋಡದೆ ಒಪ್ಪಿಗೆ ಕೊಟ್ಟೆ. ನಿನ್ನೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ಔಷಧ ಎರಡು ಪಟ್ಟು ತೋರಿಸಿತು. ಸದ್ಯ, ಯಾವ ಮಗುವಿಗೂ ಕೊಟ್ಟಿರಲಿಲ್ಲ. ಸೋಮವಾರದಿಂದ ನಿಜವಾದ ಮಕ್ಕಳು.

ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ರೊಟ್ಟಿ ಹರಿದರೆ ಅವ್ವ ಮುಖದ ಮೇಲೆಯೇ ಹೇಳುತ್ತಿದ್ದರು. ಎಷ್ಟು ಸಿಟ್ಟು ಬರುತ್ತಿತ್ತು. ಅಷ್ಟು ಹೇಳಲು ನನಗೇಕೆ ಬಾಯಿ ಬರುವುದಿಲ್ಲವೋ. ಆಸ್ಪತ್ರೆಯವರು ಇದು ಯಾರ ಕೆಲಸವೆಂದು ಕೇಳಿದಾಗಲೂ ನನ್ನದೇ ಎಂದುಬಿಟ್ಟೆ. ವಿನೋದ ಶಿರಸಿಗೆ ಹೋಗಿದ್ದಾನೆ, ಬಂದ ಕೂಡಲೇ ಹೇಳಲೇಬೇಕು.

ಬೆಚ್ಚಗಿರಿ, ಊಟ ಬಿಡಬೇಡಿ. ಅವ್ವನ ಆಶೀರ್ವಾದ ಇದರೊಳಗೇ ಇದೆ.

ನಿಮ್ಮ
ಅನುಶ್ರೀ

ತಾ.ಕ.: ವಿನೋದ ಬಂದ, ಹೇಳಿದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ, ಬಿಳಿಚಿಕೊಂಡ. "ವೈನಿ, ಹಿಂಗ ನಮಗ ಹೇಳದ ಇನ್ನ ಏನೇನ್ ತಿದ್ದೀರಿ?" ಎಂದು ಕೇಳಿದ. ಮೂವರದ್ದೂ ತಿದ್ದಿದ್ದೇನೆ. ಎಲ್ಲೆಲ್ಲಿ ಎಂದು ನನಗೇ ನೆನಪಿಲ್ಲ. ಸೋಮವಾರ ಶುರು ಮಾಡಬೇಡಿ ಎಂದು ಆಸ್ಪತ್ರೆಗೆ ಫೋನ್ ಮಾಡಿದೆ. ಯಾಕೆಂದು ಕೇಳಿದರು. ಹೇಳಿದೆ.